ಮಾರ್ಕ್‌ಡೌನ್ ಮುನ್ನೋಟ

ಮಾರ್ಕ್‌ಡೌನ್ ಮುನ್ನೋಟ ಎಂದರೆ ಮಾರ್ಕ್‌ಡೌನ್ ಅಥವಾ ಅದನ್ನು ಹೋಲುವ ಲಘು ಗುರುತುಭಾಷೆಯಲ್ಲಿ ಸಿದ್ಧವಾಗುತ್ತಿರುವ ಕಡತವು ಪ್ರಕಟವಾದ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು, ಬರವಣಿಗೆ ನಡೆಯುತ್ತಿರುವಾಗಲೇ ತೋರಿಸುವ ವ್ಯವಸ್ಥೆ. ಬರಹಗಾರನು ಸಂಪಾದಕ ತಂತ್ರಾಂಶದಲ್ಲಿ ಸರಳ ಪಠ್ಯವನ್ನು ಟೈಪಿಸುತ್ತಾನೆ. ಒಂದು ಪರಿವರ್ತಕವು ಅದನ್ನು ಎಚ್‌ಟಿಎಮ್‌ಎಲ್ ಆಗಿ ಮಾರ್ಪಡಿಸುತ್ತದೆ, ಬ್ರೌಸರ್ ಆ ಎಚ್‌ಟಿಎಮ್‌ಎಲ್ ಅನ್ನು ಪುಟವಾಗಿ ಚಿತ್ರಿಸುತ್ತದೆ. ಪ್ರತಿ ಬದಲಾವಣೆಯ ನಂತರ ಪುಟವು ತಾನಾಗಿಯೇ ಹೊಸದಾಗುವುದಾದರೆ ಅದನ್ನು ನೇರ ಮುನ್ನೋಟ ಎಂದು ಕರೆಯಲಾಗುತ್ತದೆ. ತಂತ್ರಾಂಶಗಳ ದಸ್ತಾವೇಜು, ಕಾಲೇಜಿನ ಟಿಪ್ಪಣಿ, ಬ್ಲಾಗು, ಪುಸ್ತಕದ ಹಸ್ತಪ್ರತಿ ಮೊದಲಾದವುಗಳ ತಯಾರಿಕೆಯಲ್ಲಿ ಇದರ ಬಳಕೆ ವ್ಯಾಪಕವಾಗಿದೆ.

ಹಿನ್ನೆಲೆ

ವರ್ಡ್‌ನಂತಹ ಪದಸಂಸ್ಕರಣ ತಂತ್ರಾಂಶಗಳಲ್ಲಿ ಬರೆಯುವ ರೂಪ, ಮುದ್ರಣದ ರೂಪ ಎರಡೂ ಬಹುಮಟ್ಟಿಗೆ ಒಂದೇ. ಗುರುತುಭಾಷೆಗಳಲ್ಲಿ ಹಾಗಲ್ಲ. ಬರಹಗಾರನು ಪಠ್ಯದ ನಡುವೆ ಸಂಜ್ಞೆಗಳನ್ನು ಇಡುತ್ತಾನೆ, ಅವುಗಳ ಅರ್ಥವನ್ನು ಬೇರೊಂದು ಕ್ರಮವಿಧಿ ಬಿಡಿಸುತ್ತದೆ. ಮಾರ್ಕ್‌ಡೌನ್‌ನಲ್ಲಿ ಸಾಲಿನ ಆರಂಭದಲ್ಲಿ # ಇಟ್ಟರೆ ಶೀರ್ಷಿಕೆ, ಪದವನ್ನು ಒಂದೊಂದು ನಕ್ಷತ್ರ ಚಿಹ್ನೆಯ ನಡುವೆ ಇಟ್ಟರೆ ಓರೆ ಅಕ್ಷರ, ಎರಡೆರಡು ಚಿಹ್ನೆಗಳ ನಡುವೆ ಇಟ್ಟರೆ ದಪ್ಪಕ್ಷರ. ಇಂತಹ ಸಂಜ್ಞೆಗಳು ಕೆಲವೇ ಇರುವುದರಿಂದ ಈ ಭಾಷೆಗಳಿಗೆ ‘ಲಘು’ ಎಂಬ ವಿಶೇಷಣ ಬಂದಿದೆ.

ಇಲ್ಲಿ ಒಂದು ವಿರೋಧಾಭಾಸವಿದೆ. ಯಾವ ಪರಿವರ್ತನೆಯೂ ಇಲ್ಲದೆ, ಇದ್ದ ಹಾಗೆಯೇ ಸರಾಗವಾಗಿ ಓದಿಸಿಕೊಳ್ಳಬೇಕು ಎಂಬುದೇ ಮಾರ್ಕ್‌ಡೌನ್ ವಿನ್ಯಾಸದ ಮುಖ್ಯ ಗುರಿಯಾಗಿತ್ತು. ಆ ಗುರಿ ಪೂರ್ತಿಯಾಗಿ ಈಡೇರಿದ್ದರೆ ಮುನ್ನೋಟದ ಅಗತ್ಯವೇ ಬೀಳುತ್ತಿರಲಿಲ್ಲ. ಸಣ್ಣ ಬರಹಗಳ ಮಟ್ಟಿಗೆ ಅದು ಈಡೇರಿದೆ ಎನ್ನಬಹುದು. ಆದರೆ ಕೋಷ್ಟಕ, ಒಳಪಟ್ಟಿ, ಅಡಿಟಿಪ್ಪಣಿ, ಗಣಿತದ ಸೂತ್ರ, ಚಿತ್ರ ಇವೆಲ್ಲ ಸೇರಿದ ದೀರ್ಘ ದಸ್ತಾವೇಜಿನಲ್ಲಿ ಕಣ್ಣಿಗೆ ಕಾಣದ ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಸಾಲಿನ ಕೊನೆಯಲ್ಲಿ ಎರಡು ಖಾಲಿ ಜಾಗ ಬಿಟ್ಟರೆ ಮಾರ್ಕ್‌ಡೌನ್‌ನಲ್ಲಿ ಅದು ಸಾಲುಮುರಿತ. ಈ ಖಾಲಿ ಜಾಗ ಬರಹಗಾರನ ಕಣ್ಣಿಗೆ ಬೀಳುವುದೇ ಇಲ್ಲ. ಪರಿಚ್ಛೇದವೊಂದು ‘1956.’ ಎಂಬ ಇಸವಿ ಮತ್ತು ಚುಕ್ಕಿಯಿಂದ ಆರಂಭವಾದರೆ, ಪರಿವರ್ತಕವು ಅದನ್ನು 1956ನೆಯ ಸಂಖ್ಯೆಯಿಂದ ಶುರುವಾಗುವ ಪಟ್ಟಿಯೆಂದು ತಿಳಿಯುತ್ತದೆ. ನಾಲ್ಕು ಖಾಲಿ ಜಾಗಗಳಷ್ಟು ಒಳಸರಿದ ಪರಿಚ್ಛೇದವು ಕ್ರಮವಿಧಿಯ ತುಣುಕೆಂದು ಪರಿಗಣಿತವಾಗಿ ಪೆಟ್ಟಿಗೆಯೊಳಗೆ ಸೇರಿಹೋಗುತ್ತದೆ. ಇವನ್ನು ಪ್ರಕಟಣೆಗೆ ಮೊದಲೇ ಹಿಡಿಯುವುದು ಮುನ್ನೋಟದ ನಿಜವಾದ ಉಪಯೋಗ. ಅಂದವನ್ನು ನೋಡಿಕೊಳ್ಳುವುದು ಆಮೇಲಿನ ಮಾತು.

ಇತಿಹಾಸ

ಬರೆಯುವುದು, ಪರಿವರ್ತಿಸುವುದು, ನೋಡುವುದು, ಮತ್ತೆ ತಿದ್ದುವುದು ಎಂಬ ಆವರ್ತನ ಅಂತರಜಾಲಕ್ಕಿಂತ ಹಳೆಯದು. ಡೊನಾಲ್ಡ್ ಕ್ನೂತ್ ರೂಪಿಸಿದ ಟೆಕ್ ಅಕ್ಷರಜೋಡಣಾ ವ್ಯವಸ್ಥೆಯ ಬಳಕೆದಾರರು ಮುದ್ರಣಕ್ಕೆ ಮೊದಲು ಪುಟವನ್ನು ಪರದೆಯ ಮೇಲೆ ನೋಡಲು ಪ್ರತ್ಯೇಕ ಮುನ್ನೋಟ ಕ್ರಮವಿಧಿಗಳನ್ನು ಬಳಸುತ್ತಿದ್ದರು. ಜಾಲತಾಣಗಳ ಮಟ್ಟಿಗೆ ಈ ಅಭ್ಯಾಸವನ್ನು ಸಾಮಾನ್ಯ ಓದುಗರವರೆಗೆ ತಂದದ್ದು ವಿಕಿಗಳು. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಆರಂಭಿಸಿದ ಮೊದಲ ವಿಕಿಯು ಎಚ್‌ಟಿಎಮ್‌ಎಲ್ ಬದಲು ಸರಳ ಸಂಜ್ಞೆಗಳನ್ನು ಬಳಕೆಗೆ ತಂದಿತು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಪುಟವನ್ನು ಉಳಿಸುವ ಗುಂಡಿಯ ಪಕ್ಕದಲ್ಲಿಯೇ ಮುನ್ನೋಟದ ಗುಂಡಿಯೂ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನ ತಿದ್ದಿದ ಅನೇಕರಿಗೆ ‘ಮುನ್ನೋಟ’ ಎಂಬ ಪದ ಈ ಅರ್ಥದಲ್ಲಿ ಪರಿಚಯವಾದದ್ದು ಅಲ್ಲಿಯೇ.

2000ದ ದಶಕದ ಆರಂಭದಲ್ಲಿ ಹಲವು ಲಘು ಗುರುತುಭಾಷೆಗಳು ಸ್ವಲ್ಪ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು. ಡೇವಿಡ್ ಗುಡ್ಜರ್ ಅವರ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್, ಡೀನ್ ಅಲೆನ್ ಅವರ ಟೆಕ್ಸ್‌ಟೈಲ್, ಸ್ಟುವರ್ಟ್ ರ‍್ಯಾಕಮ್ ಅವರ ಆಸ್ಕಿಡಾಕ್ ಇವುಗಳಲ್ಲಿ ಮುಖ್ಯವಾದವು. ಜಾನ್ ಗ್ರೂಬರ್ ಅವರು ಏರನ್ ಸ್ವಾರ್ಟ್ಸ್ ಅವರ ನೆರವಿನೊಂದಿಗೆ 2004ರಲ್ಲಿ ಮಾರ್ಕ್‌ಡೌನ್ ಅನ್ನು ಪ್ರಕಟಿಸಿದರು. ಮೊದಲ ಪರಿವರ್ತಕವು ಪರ್ಲ್ ಭಾಷೆಯಲ್ಲಿ ಬರೆದ ಒಂದೇ ಕಡತವಾಗಿತ್ತು. ಅದರ ಕೊನೆಯ ಸ್ಥಿರ ಆವೃತ್ತಿಯಾದ 1.0.1 ಅದೇ ವರ್ಷದ ಡಿಸೆಂಬರಿನಲ್ಲಿ ಬಂದಿತು. ಮಾರ್ಕ್‌ಡೌನ್ ಅನ್ನು ಪರೀಕ್ಷಿಸಿ ನೋಡಲು ಗ್ರೂಬರ್ ತಮ್ಮ ತಾಣದಲ್ಲಿ ‘ಡಿಂಗಸ್’ ಎಂಬ ಹೆಸರಿನ ಒಂದು ಅರ್ಜಿನಮೂನೆಯ ಪುಟವನ್ನೂ ಇಟ್ಟಿದ್ದರು. ಪಠ್ಯವನ್ನು ಅಲ್ಲಿ ಅಂಟಿಸಿ ಗುಂಡಿ ಒತ್ತಿದರೆ ಸರ್ವರ್ ಅದನ್ನು ಪರಿವರ್ತಿಸಿ ಹಿಂದಿರುಗಿಸುತ್ತಿತ್ತು.

ಇಲ್ಲಿಂದ ನೇರ ಮುನ್ನೋಟಕ್ಕೆ ದಾರಿ ಮಾಡಿದ್ದು ಜಾವಾಸ್ಕ್ರಿಪ್ಟ್. ಜಾನ್ ಫ್ರೇಸರ್ 2007ರಲ್ಲಿ ಮಾರ್ಕ್‌ಡೌನ್ ಪರಿವರ್ತಕವನ್ನು ‘ಶೋಡೌನ್’ ಎಂಬ ಹೆಸರಿನಲ್ಲಿ ಜಾವಾಸ್ಕ್ರಿಪ್ಟ್‌ಗೆ ತಂದರು. ಪರಿವರ್ತನೆ ಬ್ರೌಸರಿನೊಳಗೇ ನಡೆಯುವಂತಾದುದರಿಂದ ಸರ್ವರಿಗೆ ಹೋಗಿ ಬರುವ ವಿಳಂಬ ಇಲ್ಲವಾಯಿತು. 2008ರಲ್ಲಿ ತೆರೆದ ಸ್ಟ್ಯಾಕ್ ಓವರ್‌ಫ್ಲೋ ತಾಣವು ಪ್ರಶ್ನೆ ಬರೆಯುವ ಚೌಕದ ಕೆಳಗೆ, ಟೈಪಿಸಿದಂತೆಲ್ಲ ಬದಲಾಗುವ ಮುನ್ನೋಟವನ್ನು ತೋರಿಸಿತು. ಲಕ್ಷಾಂತರ ಜನ ಮಾರ್ಕ್‌ಡೌನ್ ಅನ್ನು ಕೈಪಿಡಿ ಓದದೆಯೇ ಕಲಿತದ್ದು ಇಂತಹ ಚೌಕಗಳಲ್ಲಿ. ಮುಂದೆ ‘ಮಾರ್ಕ್ಡ್’, ‘ಮಾರ್ಕ್‌ಡೌನ್-ಇಟ್’ ಮೊದಲಾದ ವೇಗದ ಪರಿವರ್ತಕಗಳು ಬಂದವು. 2015ರಲ್ಲಿ ಬಿಡುಗಡೆಯಾದ ವಿಷುಯಲ್ ಸ್ಟುಡಿಯೋ ಕೋಡ್ ಸಂಪಾದಕವು ಮಾರ್ಕ್‌ಡೌನ್-ಇಟ್ ಅನ್ನೇ ಬಳಸುತ್ತದೆ. ಈ ಸಂಪಾದಕವನ್ನು ಕಟ್ಟಿರುವುದೇ ಕ್ರೋಮಿಯಂ ಬ್ರೌಸರಿನ ಮೇಲೆ. ಹಾಗಾಗಿ ಅದರ ಒಳಗಿನ ಮುನ್ನೋಟವೂ ವಾಸ್ತವವಾಗಿ ಬ್ರೌಸರ್ ಮುನ್ನೋಟವೇ.

ಕಾರ್ಯವಿಧಾನ

ಸಂಪಾದಕ ಬೇರೆ, ಬ್ರೌಸರ್ ಬೇರೆ ಆಗಿರುವಾಗ ನೇರ ಮುನ್ನೋಟಕ್ಕೆ ಮೂರು ಕೆಲಸಗಳು ನಡೆಯಬೇಕು: ಕಡತ ಬದಲಾದುದನ್ನು ತಿಳಿಯುವುದು, ಅದನ್ನು ಪರಿವರ್ತಿಸುವುದು ಮತ್ತು ಹೊಸ ರೂಪವನ್ನು ಬ್ರೌಸರಿಗೆ ಮುಟ್ಟಿಸುವುದು. ನಡುವಿನ ಕೆಲಸವೇ ಕಷ್ಟದ್ದೆಂದು ಹೊರನೋಟಕ್ಕೆ ತೋರುತ್ತದೆ. ಆದರೆ ತೊಡಕುಗಳು ಹೆಚ್ಚಾಗಿ ಇರುವುದು ಮೊದಲನೆಯ ಮತ್ತು ಮೂರನೆಯ ಕೆಲಸಗಳಲ್ಲಿ.

ಕಡತ ಬದಲಾಯಿತೇ ಎಂದು ಆಗಾಗ ತೆರೆದು ನೋಡುವುದು ಅತ್ಯಂತ ಸರಳ ಉಪಾಯ, ಆದರೆ ಅದು ವ್ಯರ್ಥ ಶ್ರಮ. ಕಾರ್ಯಾಚರಣ ವ್ಯವಸ್ಥೆಗಳೇ ಇದಕ್ಕೆ ಸೌಲಭ್ಯ ಒದಗಿಸುತ್ತವೆ. ಲಿನಕ್ಸ್‌ನಲ್ಲಿ ಐನೋಟಿಫೈ, ಮ್ಯಾಕ್‌ಓಎಸ್‌ನಲ್ಲಿ ಎಫ್‌ಎಸ್‌ಈವೆಂಟ್ಸ್ ಎಂಬ ಸೌಲಭ್ಯಗಳಿದ್ದು, ವಿಂಡೋಸ್‌ನಲ್ಲಿಯೂ ಇದಕ್ಕೆ ಸಮಾನವಾದ ವ್ಯವಸ್ಥೆ ಇದೆ. ಇವುಗಳಿಗೆ ಒಮ್ಮೆ ಹೇಳಿಟ್ಟರೆ ಬದಲಾವಣೆಯಾದಾಗ ಅವೇ ಸುದ್ದಿ ಮುಟ್ಟಿಸುತ್ತವೆ. ಇಲ್ಲಿ ಹೊಸಬರು ಬರೆಯುವ ಮುನ್ನೋಟ ಸಾಧನಗಳು ಎಡವುವ ಒಂದು ಜಾಗವಿದೆ. ಅನೇಕ ಸಂಪಾದಕಗಳು ಕಡತವನ್ನು ಉಳಿಸುವಾಗ ಹಳೆಯದರ ಮೇಲೆ ನೇರವಾಗಿ ಬರೆಯುವುದಿಲ್ಲ. ನಡುವೆ ವಿದ್ಯುತ್ ಹೋದರೆ ಇಡೀ ಬರಹ ನಷ್ಟವಾಗಬಾರದೆಂದು ಮೊದಲು ತಾತ್ಕಾಲಿಕ ಕಡತವೊಂದನ್ನು ಬರೆದು, ಆಮೇಲೆ ಅದಕ್ಕೆ ಹಳೆಯ ಹೆಸರನ್ನು ಕೊಡುತ್ತವೆ. ಹೆಸರು ಅದೇ ಆದರೂ ಕಾರ್ಯಾಚರಣ ವ್ಯವಸ್ಥೆಯ ದೃಷ್ಟಿಯಲ್ಲಿ ಅದು ಬೇರೊಂದು ಕಡತ. ಹಳೆಯ ಕಡತದ ಮೇಲೆ ಕಣ್ಣಿಟ್ಟಿದ್ದ ಮುನ್ನೋಟ ಸಾಧನವು ಮೊದಲ ಬಾರಿ ಉಳಿಸಿದಾಗ ಸರಿಯಾಗಿ ಕೆಲಸ ಮಾಡಿ, ಆನಂತರ ಮೌನವಾಗಿಬಿಡುತ್ತದೆ. ಕಡತದ ಬದಲು ಅದು ಇರುವ ಕಡತಕೋಶವನ್ನೇ ಗಮನಿಸುವುದು ಇದಕ್ಕೆ ರೂಢಿಯ ಪರಿಹಾರ.

ಸಂಪಾದಕದ ಒಳಗೇ ಸೇರಿಕೊಂಡ ಮುನ್ನೋಟಕ್ಕೆ ಈ ಸಮಸ್ಯೆ ಇಲ್ಲ. ಉಳಿಸುವ ಮೊದಲೇ ಅದಕ್ಕೆ ಪಠ್ಯ ಸಿಗುತ್ತದೆ. ಆದರೆ ಪ್ರತಿ ಕೀಲಿ ಒತ್ತಿದಾಗಲೂ ಇಡೀ ದಸ್ತಾವೇಜನ್ನು ಪರಿವರ್ತಿಸಿದರೆ ಟೈಪಿಸುವುದೇ ನಿಧಾನವಾಗುತ್ತದೆ. ಆದುದರಿಂದ ಕೊನೆಯ ಕೀಲಿಯ ನಂತರ ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ಕಾಲ ಕಾದು, ಬರಹಗಾರನ ಕೈ ತುಸು ನಿಂತಾಗ ಒಮ್ಮೆಗೇ ಪರಿವರ್ತಿಸಲಾಗುತ್ತದೆ.

ಪರಿವರ್ತಿತ ಪುಟವನ್ನು ಬ್ರೌಸರಿಗೆ ಮುಟ್ಟಿಸಲು ಬಳಕೆದಾರನ ಗಣಕಯಂತ್ರದಲ್ಲಿಯೇ ಒಂದು ಪುಟ್ಟ ಸರ್ವರ್ ಓಡುತ್ತದೆ. ಅದರ ವಿಳಾಸ 127.0.0.1 ಆಗಿರುತ್ತದೆ, ಎಂದರೆ ಯಂತ್ರವು ತನ್ನೊಡನೆ ತಾನೇ ಮಾತನಾಡುವ ವಿಳಾಸ. ಜೆಕಿಲ್ 4000, ಹ್ಯೂಗೊ 1313, ಎಂಕೆಡಾಕ್ಸ್ 8000 ಎಂಬ ಪೋರ್ಟ್ ಸಂಖ್ಯೆಗಳನ್ನು ಪೂರ್ವನಿಯೋಜಿತವಾಗಿ ಬಳಸುತ್ತವೆ. ಪುಟವನ್ನು ಡಿಸ್ಕಿನಿಂದ ನೇರವಾಗಿ ತೆರೆಯಬಾರದೇಕೆ ಎಂಬ ಪ್ರಶ್ನೆ ಸಹಜ. ತೆರೆಯಬಹುದು, ಆದರೆ ಹಾಗೆ ತೆರೆದ ಪುಟವು ಪಕ್ಕದ ಕಡತಗಳನ್ನು ಸ್ಕ್ರಿಪ್ಟಿನ ಮೂಲಕ ಓದುವುದನ್ನು ಬ್ರೌಸರುಗಳು ಸುರಕ್ಷತೆಯ ಕಾರಣಕ್ಕೆ ತಡೆಯುತ್ತವೆ. ಸ್ಥಳೀಯ ಸರ್ವರ್ ಬೇಕಾಗುವುದು ಇದರಿಂದ.

‘ಪುಟ ಬದಲಾಗಿದೆ’ ಎಂಬ ಸುದ್ದಿಯನ್ನು ಸರ್ವರ್ ತಾನಾಗಿ ಹೇಳಲು ಹಳೆಯ ಎಚ್‌ಟಿಟಿಪಿ ಪದ್ಧತಿಯಲ್ಲಿ ಅವಕಾಶವಿರಲಿಲ್ಲ; ಬ್ರೌಸರ್ ಕೇಳಿದಾಗ ಮಾತ್ರ ಸರ್ವರ್ ಉತ್ತರಿಸುತ್ತಿತ್ತು. 2011ರ ಡಿಸೆಂಬರಿನಲ್ಲಿ ಮಾನಕವಾದ ವೆಬ್‌ಸಾಕೆಟ್ ಈ ಕೊರತೆಯನ್ನು ನೀಗಿಸಿತು. ಇಂದಿನ ಬಹುತೇಕ ನೇರ ಮುನ್ನೋಟಗಳು ತೋರಿಸುವ ಪುಟದೊಳಗೆ ಒಂದು ಸಣ್ಣ ಸ್ಕ್ರಿಪ್ಟನ್ನು ಸೇರಿಸುತ್ತವೆ. ಅದು ಸರ್ವರಿನೊಡನೆ ಸಂಪರ್ಕ ತೆರೆದಿಟ್ಟುಕೊಂಡು ಸುದ್ದಿಗಾಗಿ ಕಾಯುತ್ತದೆ.

ಸುದ್ದಿ ಬಂದಾಗ ಇಡೀ ಪುಟವನ್ನು ಮತ್ತೆ ತೆರೆಯುವುದು ಸುಲಭವಾದರೂ ಅದರಿಂದ ಪುಟ ಮಿನುಗುತ್ತದೆ, ಚಿತ್ರಗಳು ಪುನಃ ಇಳಿಯುತ್ತವೆ, ಓದುತ್ತಿದ್ದ ಜಾಗವೂ ತಪ್ಪಬಹುದು. ಉತ್ತಮ ಸಾಧನಗಳು ಹಳೆಯ ಹೊಸ ಪುಟಗಳ ರಚನೆಯನ್ನು ಹೋಲಿಸಿ ಬದಲಾದ ಪರಿಚ್ಛೇದವನ್ನಷ್ಟೇ ಬದಲಿಸುತ್ತವೆ. ಸಂಪಾದಕದಲ್ಲಿ ಮೂಲ ಪಠ್ಯ ಸರಿದಂತೆ ಮುನ್ನೋಟವೂ ಸರಿಯುವ ಹೊಂದಾಣಿಕೆ ಇದಕ್ಕಿಂತ ಕಠಿಣ. ಮೂಲದಲ್ಲಿ ಒಂದೇ ಸಾಲು ಹಿಡಿಯುವ ಚಿತ್ರವು ಪುಟದಲ್ಲಿ ಅರ್ಧ ಪರದೆಯನ್ನು ತುಂಬಬಹುದು. ಇಪ್ಪತ್ತು ಸಾಲಿನ ಕೋಷ್ಟಕ ಪುಟದಲ್ಲಿ ಕುಗ್ಗಬಹುದು. ಆದುದರಿಂದ ಶೇಕಡಾವಾರು ಲೆಕ್ಕದಲ್ಲಿ ಸರಿಸಿದರೆ ಎರಡೂ ಬೇರೆ ಬೇರೆ ಜಾಗಕ್ಕೆ ಹೋಗುತ್ತವೆ. ಪರಿವರ್ತಕವು ಪ್ರತಿ ಪರಿಚ್ಛೇದಕ್ಕೂ ಅದು ಮೂಲದ ಎಷ್ಟನೆಯ ಸಾಲಿನಿಂದ ಬಂದಿತೆಂಬ ಗುರುತನ್ನು ಎಚ್‌ಟಿಎಮ್‌ಎಲ್‌ನೊಳಗೆ ಇಟ್ಟರೆ ಮಾತ್ರ ಹೊಂದಾಣಿಕೆ ಸರಿಯಾಗುತ್ತದೆ. ವಿಷುಯಲ್ ಸ್ಟುಡಿಯೋ ಕೋಡ್ ಅನುಸರಿಸುವುದು ಈ ಕ್ರಮವನ್ನು.

ಸಾಧನಗಳ ವಿಧಗಳು

ವಿಮ್, ಈಮ್ಯಾಕ್ಸ್‌ನಂತಹ ಹಳೆಯ ಸಂಪಾದಕಗಳಿಗೆ ಬ್ರೌಸರಿನ ಕಿಟಕಿಯನ್ನು ಪಕ್ಕದಲ್ಲಿ ತೆರೆದು ಮುನ್ನೋಟ ತೋರಿಸುವ ಪೂರಕ ತಂತ್ರಾಂಶಗಳು ಹಲವಿವೆ. ಸಂಪಾದಕ ಯಾವುದೇ ಇದ್ದರೂ ನಡೆಯುವ ಪ್ರತ್ಯೇಕ ಸಾಧನಗಳದು ಇನ್ನೊಂದು ವರ್ಗ. ಪೈಥಾನ್‌ನಲ್ಲಿ ಬರೆದ ‘ಗ್ರಿಪ್’ ಅವುಗಳಲ್ಲೊಂದು. ಸ್ಟ್ಯಾಕ್‌ಎಡಿಟ್, ಡಿಲ್ಲಿಂಜರ್, ಹ್ಯಾಕ್‌ಎಂಡಿ ಮೊದಲಾದವುಗಳಲ್ಲಿ ಸಂಪಾದಕವೂ ಬ್ರೌಸರಿನೊಳಗೇ ಇದ್ದು, ಎಡಕ್ಕೆ ಮೂಲ ಬಲಕ್ಕೆ ಮುನ್ನೋಟ ಕಾಣುತ್ತದೆ. ಜೆಕಿಲ್, ಹ್ಯೂಗೊ ಮುಂತಾದ ತಾಣರಚನಾ ಸಾಧನಗಳು ಬಿಡಿ ಪುಟವನ್ನಲ್ಲದೆ ಇಡೀ ತಾಣವನ್ನು ಅದರ ವಿನ್ಯಾಸದ ಸಮೇತ ತೋರಿಸುತ್ತವೆ.

ಟೈಪೋರಾ ಮತ್ತು ಒಬ್ಸಿಡಿಯನ್ ಬೇರೆ ದಾರಿ ಹಿಡಿದಿವೆ. ಇಲ್ಲಿ ಎರಡು ಕಿಟಕಿಗಳಿಲ್ಲ. ಬರೆಯುವ ಜಾಗದಲ್ಲಿಯೇ ಸಂಜ್ಞೆಗಳು ಮರೆಯಾಗಿ ಅಂತಿಮ ರೂಪ ಕಾಣುತ್ತದೆ, ಕರ್ಸರ್ ಹತ್ತಿರ ಬಂದಾಗ ಸಂಜ್ಞೆಗಳು ಮತ್ತೆ ಪ್ರತ್ಯಕ್ಷವಾಗುತ್ತವೆ. ಇದು ಅನುಕೂಲಕರವೆಂಬುದು ನಿಜ. ಆದರೂ ಮೂಲ ಪಠ್ಯ ಕಣ್ಮರೆಯಾದಷ್ಟೂ ಲಘು ಗುರುತುಭಾಷೆ ತನ್ನ ಒಂದು ಗುಣವನ್ನು ಬಿಟ್ಟುಕೊಡುತ್ತದೆ: ತಾನು ಏನು ಬರೆದಿದ್ದೇನೆಂಬುದು ಬರಹಗಾರನಿಗೆ ಅಕ್ಷರಶಃ ಕಾಣುವ ಗುಣ.

ಮುನ್ನೋಟ ಮತ್ತು ಪ್ರಕಟಿತ ರೂಪದ ನಡುವಿನ ವ್ಯತ್ಯಾಸ

ಮುನ್ನೋಟದಲ್ಲಿ ಸರಿಯಾಗಿ ಕಂಡ ಪುಟ ಪ್ರಕಟವಾದ ಮೇಲೆ ಕೆಟ್ಟು ಕಾಣುವುದು ಈ ಕ್ಷೇತ್ರದ ಅತಿ ಸಾಮಾನ್ಯ ದೂರು. ಬರಹಗಾರರು ಇದನ್ನು ಬ್ರೌಸರಿನ ದೋಷವೆಂದು ಭಾವಿಸುವುದುಂಟು. ಬಹುತೇಕ ಪ್ರಸಂಗಗಳಲ್ಲಿ ಕಾರಣ ಪರಿವರ್ತಕಗಳ ಭಿನ್ನತೆ. ಗ್ರೂಬರ್ ಅವರ ಮೂಲ ವಿವರಣೆಯು ಅನೇಕ ಸಂದರ್ಭಗಳ ಬಗ್ಗೆ ಮೌನವಾಗಿತ್ತು. ಒಳಪಟ್ಟಿಗೆ ಎಷ್ಟು ಖಾಲಿ ಜಾಗ ಬಿಡಬೇಕು, ಪಟ್ಟಿಗೆ ಮೊದಲು ಖಾಲಿ ಸಾಲು ಕಡ್ಡಾಯವೇ ಮುಂತಾದ ಪ್ರಶ್ನೆಗಳಿಗೆ ಪ್ರತಿ ಪರಿವರ್ತಕವೂ ತನ್ನದೇ ಉತ್ತರ ಕಂಡುಕೊಂಡಿತು. ಒಂದೇ ಪಠ್ಯವನ್ನು ಹಲವು ಪರಿವರ್ತಕಗಳಿಗೆ ಕೊಟ್ಟು ಫಲಿತಾಂಶಗಳನ್ನು ಹೋಲಿಸಿ ತೋರಿಸುವ ‘ಬೇಬಲ್‌ಮಾರ್ಕ್’ ಎಂಬ ಸಾಧನವೇ ಹುಟ್ಟಿಕೊಂಡಿತು.

ಪ್ಯಾಂಡಾಕ್ ಪರಿವರ್ತಕದ ಕರ್ತೃ ಜಾನ್ ಮ್ಯಾಕ್‌ಫರ್ಲೇನ್, ಸ್ಟ್ಯಾಕ್ ಓವರ್‌ಫ್ಲೋ ಸ್ಥಾಪಕರಲ್ಲೊಬ್ಬರಾದ ಜೆಫ್ ಆಟ್‌ವುಡ್ ಮತ್ತು ಇತರರು 2014ರಲ್ಲಿ ನಿಖರವಾದ ನಿರ್ದಿಷ್ಟತೆಯೊಂದನ್ನು ಪ್ರಕಟಿಸಿದರು. ಅದಕ್ಕೆ ಮೊದಲು ಇಟ್ಟ ‘ಸ್ಟ್ಯಾಂಡರ್ಡ್ ಮಾರ್ಕ್‌ಡೌನ್’ ಎಂಬ ಹೆಸರನ್ನು ಗ್ರೂಬರ್ ಆಕ್ಷೇಪಿಸಿದ್ದರಿಂದ ಕೂಡಲೇ ‘ಕಾಮನ್‌ಮಾರ್ಕ್’ ಎಂದು ಬದಲಿಸಲಾಯಿತು. ಇದರಲ್ಲಿ 600ಕ್ಕೂ ಹೆಚ್ಚು ಉದಾಹರಣೆಗಳಿದ್ದು, ಪರಿವರ್ತಕವೊಂದು ಅವುಗಳಿಗೆ ಸರಿಹೊಂದುತ್ತದೆಯೇ ಎಂದು ಯಾಂತ್ರಿಕವಾಗಿ ಪರೀಕ್ಷಿಸಬಹುದು. ಗಿಟ್‌ಹಬ್ 2017ರಲ್ಲಿ ತನ್ನ ಮಾರ್ಕ್‌ಡೌನ್ ಪ್ರಭೇದದ ನಿರ್ದಿಷ್ಟತೆಯನ್ನು ಕಾಮನ್‌ಮಾರ್ಕ್ ಆಧಾರದ ಮೇಲೆಯೇ ರಚಿಸಿ, ಕೋಷ್ಟಕ, ಕಾರ್ಯಪಟ್ಟಿ ಇತ್ಯಾದಿಗಳನ್ನು ಸೇರಿಸಿತು. ಇಷ್ಟಾದರೂ ಭಿನ್ನತೆ ಪೂರ್ತಿ ಅಳಿದಿಲ್ಲ. ಅಡಿಟಿಪ್ಪಣಿ, ಗಣಿತ ಸೂತ್ರ, ರೇಖಾಚಿತ್ರ ಇವು ಕಾಮನ್‌ಮಾರ್ಕ್‌ನ ಹೊರಗಿನವು. ಒಂದು ಕಡೆ ಕಾಣುವ ಸೂತ್ರ ಇನ್ನೊಂದು ಕಡೆ ಬರಿಯ ಡಾಲರ್ ಚಿಹ್ನೆಗಳ ಸಾಲಾಗಿ ಉಳಿಯಬಹುದು.

ಹೀಗಾಗಿ ಮುನ್ನೋಟಕ್ಕೂ ಪ್ರಕಟಣೆಗೂ ಒಂದೇ ಪರಿವರ್ತಕವನ್ನು ಬಳಸುವುದು ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಕ್ರಮ. ಹ್ಯೂಗೊ ತಾಣಕ್ಕೆ ಬರೆಯುವವರು ಹ್ಯೂಗೊ ಸರ್ವರಿನಲ್ಲಿ ನೋಡುವುದು, ಪ್ಯಾಂಡಾಕ್ ಮೂಲಕ ಪುಸ್ತಕ ಮಾಡುವವರು ಪ್ಯಾಂಡಾಕ್‌ನಿಂದಲೇ ಪರಿವರ್ತಿಸಿ ನೋಡುವುದು ಯುಕ್ತ. ಸಂಪಾದಕದ ಒಳಗಿನ ಮುನ್ನೋಟ ಕೈಬರಹದ ಕರಡಿನಷ್ಟು ಉಪಯುಕ್ತ, ಅಷ್ಟೇ ಸಾಕ್ಷ್ಯ.

ಸುರಕ್ಷತೆ ಮತ್ತು ಖಾಸಗಿತನ

ಮಾರ್ಕ್‌ಡೌನ್ ಕಡತವೆಂದರೆ ಬರಿಯ ಪಠ್ಯ, ಅದರಿಂದ ಅಪಾಯವೇನು ಎಂಬ ಭಾವನೆ ಸಾಮಾನ್ಯ. ಆದರೆ ಮಾರ್ಕ್‌ಡೌನ್ ತನ್ನೊಳಗೆ ಎಚ್‌ಟಿಎಮ್‌ಎಲ್ ಅನ್ನು ಹಾಗೆಯೇ ಬರೆಯಲು ಅವಕಾಶ ಕೊಡುತ್ತದೆ. ಅಪರಿಚಿತರಿಂದ ಬಂದ ಕಡತದಲ್ಲಿ ಸ್ಕ್ರಿಪ್ಟ್ ಇದ್ದು, ಮುನ್ನೋಟ ಸಾಧನವು ಅದನ್ನು ಶೋಧಿಸದಿದ್ದರೆ, ಕಡತವನ್ನು ನೋಡಿದ ಮಾತ್ರಕ್ಕೆ ಆ ಸ್ಕ್ರಿಪ್ಟ್ ಓಡುತ್ತದೆ. ಸ್ಥಳೀಯ ಸರ್ವರಿನ ಮೂಲಕ ತೆರೆದ ಪುಟವಾದರೆ ಅದೇ ಸರ್ವರ್ ಕೊಡುವ ಇತರ ಕಡತಗಳನ್ನೂ ಅದು ಓದಿ ಹೊರಗೆ ಕಳುಹಿಸಬಲ್ಲದು. ಕೊಂಡಿಯ ವಿಳಾಸದ ಜಾಗದಲ್ಲಿ ಸ್ಕ್ರಿಪ್ಟನ್ನು ಅಡಗಿಸುವುದೂ ಸಾಧ್ಯ. ಇದನ್ನು ತಡೆಯಲು ಪರಿವರ್ತನೆಯ ನಂತರ ಎಚ್‌ಟಿಎಮ್‌ಎಲ್ ಅನ್ನು ಶೋಧಿಸಬೇಕು. ಮೊದಲೇ ಮೂಲ ಪಠ್ಯವನ್ನು ಶೋಧಿಸಿದರೆ ಸಾಲದು, ಏಕೆಂದರೆ ನಿರುಪದ್ರವಿಯಂತೆ ತೋರುವ ಸಂಜ್ಞೆಗಳೇ ಪರಿವರ್ತನೆಯಲ್ಲಿ ಅಪಾಯಕಾರಿ ರೂಪ ತಾಳಬಹುದು. ‘ಡೋಮ್‌ಪ್ಯೂರಿಫೈ’ ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಗ್ರಂಥಾಲಯ. ವಿಷುಯಲ್ ಸ್ಟುಡಿಯೋ ಕೋಡ್‌ನ ಮುನ್ನೋಟವು ಪೂರ್ವನಿಯೋಜಿತವಾಗಿ ಸ್ಕ್ರಿಪ್ಟ್‌ಗಳನ್ನು ನಿರ್ಬಂಧಿಸುತ್ತದೆ. ಬಳಕೆದಾರನು ಆ ನಿರ್ಬಂಧವನ್ನು ಸಡಿಲಿಸಬಹುದಾದರೂ ಪರಿಚಯವಿಲ್ಲದ ಕಡತಗಳಿಗೆ ಹಾಗೆ ಮಾಡುವುದು ವಿವೇಕವಲ್ಲ.

ಸ್ಥಳೀಯ ಸರ್ವರ್ 127.0.0.1ರ ಬದಲು 0.0.0.0 ಎಂಬ ವಿಳಾಸಕ್ಕೆ ಅಂಟಿಕೊಂಡರೆ ಯಂತ್ರದ ಎಲ್ಲ ಜಾಲಸಂಪರ್ಕಗಳಲ್ಲಿಯೂ ಅದು ಲಭ್ಯವಾಗುತ್ತದೆ. ಮೊಬೈಲಿನಲ್ಲಿ ಪುಟ ಹೇಗೆ ಕಾಣುತ್ತದೆಂದು ನೋಡಲು ಇದನ್ನು ಬೇಕೆಂದೇ ಮಾಡುವವರಿದ್ದಾರೆ. ವಿದ್ಯಾರ್ಥಿನಿಲಯದ ಅಥವಾ ಕಾಫಿ ಅಂಗಡಿಯ ವೈಫೈನಲ್ಲಿ ಹಾಗೆ ಮಾಡಿದರೆ, ಅದೇ ಜಾಲದಲ್ಲಿರುವ ಇತರರಿಗೂ ಆ ಕರಡು ತೆರೆದುಕೊಂಡಿರಬಹುದು.

ಮುನ್ನೋಟಕ್ಕಾಗಿ ಪಠ್ಯ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ತಿಳಿದಿರಬೇಕು. ಮೇಲೆ ಹೇಳಿದ ಗ್ರಿಪ್ ಸಾಧನವು ಪುಟವು ಗಿಟ್‌ಹಬ್‌ನಲ್ಲಿ ಕಾಣುವಂತೆಯೇ ಕಾಣಲೆಂದು ಪಠ್ಯವನ್ನು ಗಿಟ್‌ಹಬ್‌ಗೇ ಕಳುಹಿಸಿ ಪರಿವರ್ತಿಸಿ ತರಿಸುತ್ತದೆ. ನಿಷ್ಠತೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಅಂತರಜಾಲ ಸಂಪರ್ಕವಿಲ್ಲದೆ ಅದು ನಡೆಯದು, ಗುರುತು ಹೇಳದ ಬಳಕೆದಾರರಿಗೆ ಗಂಟೆಗೆ 60 ಕೋರಿಕೆಗಳ ಮಿತಿಯೂ ಇದೆ. ಇನ್ನೂ ನಡೆಯಬೇಕಾದ ಪರೀಕ್ಷೆಯ ಪ್ರಶ್ನೆಪತ್ರಿಕೆ, ರೋಗಿಯ ವಿವರ, ಕಚೇರಿಯ ಗೋಪ್ಯ ಟಿಪ್ಪಣಿ ಇಂತಹವನ್ನು ಹೊರಗಿನ ಯಾವುದೇ ಸರ್ವರಿಗೆ ಕಳುಹಿಸುವ ಸಾಧನದಲ್ಲಿ ತೆರೆಯಕೂಡದು. ಸಾಧನ ಸ್ಥಳೀಯವೇ ಆಗಿದ್ದರೂ ಕಡತದಲ್ಲಿ ಹೊರಗಿನ ತಾಣದ ಚಿತ್ರವಿದ್ದರೆ, ಮುನ್ನೋಟ ತೆರೆದಾಗ ಬ್ರೌಸರ್ ಅದನ್ನು ತರಲು ಹೋಗುತ್ತದೆ. ಯಾವ ಐಪಿ ವಿಳಾಸದಿಂದ, ಯಾವ ಹೊತ್ತಿನಲ್ಲಿ ಕಡತವನ್ನು ತೆರೆಯಲಾಯಿತೆಂಬುದು ಆ ತಾಣಕ್ಕೆ ತಿಳಿಯುತ್ತದೆ.

ಕನ್ನಡ ಬರವಣಿಗೆಯಲ್ಲಿ ಮುನ್ನೋಟ

ಕನ್ನಡದಲ್ಲಿ ಬರೆಯುವವರಿಗೆ ಬ್ರೌಸರ್ ಮುನ್ನೋಟದ ಅಗತ್ಯ ಇಂಗ್ಲಿಷಿನಲ್ಲಿ ಬರೆಯುವವರಿಗಿಂತ ಹೆಚ್ಚು. ಕನ್ನಡದ ಒತ್ತಕ್ಷರ ಮತ್ತು ಗುಣಿತಾಕ್ಷರಗಳು ಹಲವು ಯೂನಿಕೋಡ್ ಸಂಕೇತಗಳು ಸೇರಿ ಆಗುವಂಥವು. ‘ಕ್ಷಿ’ ಎಂಬ ಒಂದು ಅಕ್ಷರದಲ್ಲಿ ಕಕಾರ, ವಿರಾಮ ಚಿಹ್ನೆ, ಷಕಾರ ಮತ್ತು ಇಕಾರದ ಗುಡಿಸು ಎಂಬ ನಾಲ್ಕು ಸಂಕೇತಗಳಿವೆ. ಫೈರ್‌ಫಾಕ್ಸ್, ಕ್ರೋಮ್ ಮೊದಲಾದ ಬ್ರೌಸರುಗಳು ಹಾರ್ಫ್‌ಬಜ್ ಎಂಬ ತಂತ್ರಾಂಶದ ಮೂಲಕ ಇವನ್ನು ಸರಿಯಾಗಿ ಜೋಡಿಸಿ ತೋರಿಸುತ್ತವೆ. ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಮನೆಗಳನ್ನು ಹಾಕಿಕೊಂಡಿರುವ ಅನೇಕ ಟರ್ಮಿನಲ್‌ಗಳಲ್ಲಿ ಇದು ಸಾಧ್ಯವಾಗುವುದಿಲ್ಲ. ಒತ್ತುಗಳು ಬಿಡಿಬಿಡಿಯಾಗಿ ಚದುರುತ್ತವೆ. ಟರ್ಮಿನಲ್‌ನಲ್ಲಿ ವಿಮ್ ಬಳಸಿ ಕನ್ನಡ ಬರೆಯುವವರು ಕಾಗುಣಿತ ಸರಿಯಿದೆಯೇ ಎಂದು ನೋಡಲು ಕೂಡ ಪಕ್ಕದ ಬ್ರೌಸರನ್ನೇ ಅವಲಂಬಿಸಬೇಕಾಗುತ್ತದೆ. ಕೋಷ್ಟಕದ ಅಂಕಣಗಳನ್ನು ಖಾಲಿ ಜಾಗ ಹಾಕಿ ಸಾಲಾಗಿ ನಿಲ್ಲಿಸುವ ಪ್ರಯತ್ನವೂ ಕನ್ನಡದಲ್ಲಿ ಫಲಿಸುವುದಿಲ್ಲ; ಮುನ್ನೋಟದಲ್ಲಿ ಸರಿಯಿದ್ದರೆ ಮೂಲ ಸೊಟ್ಟಗಿದ್ದರೂ ಚಿಂತೆಯಿಲ್ಲ.

ವ್ಯಾಕರಣದಿಂದ ಹುಟ್ಟುವ ತೊಡಕುಗಳು ಇದಕ್ಕಿಂತ ಸ್ವಾರಸ್ಯಕರ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡು ಬರುತ್ತವೆ. ಕೃತಿಯ ಹೆಸರನ್ನು ಮಾತ್ರ ಓರೆಯಾಗಿಸಿ ಪ್ರತ್ಯಯವನ್ನು ಹೊರಗಿಡುವುದು ರೂಢಿ. ಮೂಲ ಮಾರ್ಕ್‌ಡೌನ್ ಪರಿವರ್ತಕದಲ್ಲಿ ಅಡಿಗೆರೆ ಬಳಸಿ _ಪುಸ್ತಕ_ದಲ್ಲಿ ಎಂದು ಬರೆಯಬಹುದಾಗಿತ್ತು. ಕಾಮನ್‌ಮಾರ್ಕ್ ಪ್ರಕಾರ ಪದದ ನಡುವೆ ಬಂದ ಅಡಿಗೆರೆ ಒತ್ತುಗುರುತಲ್ಲ. ಕ್ರಮವಿಧಿಗಳ ಚರಾಕ್ಷರಗಳ ಹೆಸರಿನಲ್ಲಿ ಅಡಿಗೆರೆ ಬರುತ್ತದೆಂಬುದು ಇದಕ್ಕೆ ಕಾರಣ. ಆದುದರಿಂದ ಈ ಅಡಿಗೆರೆಗಳು ಪುಟದಲ್ಲಿ ಹಾಗೆಯೇ ಉಳಿಯುತ್ತವೆ. *ಪುಸ್ತಕ*ದಲ್ಲಿ ಎಂದು ನಕ್ಷತ್ರ ಚಿಹ್ನೆ ಬಳಸಿದರೆ ಸರಿಹೋಗುತ್ತದೆ. ಆದರೆ ಹೆಸರಿಗೆ ಉದ್ಧರಣ ಚಿಹ್ನೆಯೂ ಇದ್ದು *"ಪುಸ್ತಕ"*ದಲ್ಲಿ ಎಂದಾದರೆ ಮತ್ತೆ ಕೆಡುತ್ತದೆ. ಮುಗಿಸುವ ನಕ್ಷತ್ರದ ಹಿಂದೆ ವಿರಾಮಚಿಹ್ನೆಯೂ ಮುಂದೆ ಅಕ್ಷರವೂ ಇದ್ದಾಗ ನಿಯಮವು ಅದನ್ನು ಮುಕ್ತಾಯವೆಂದು ಒಪ್ಪುವುದಿಲ್ಲ. ಪದಗಳ ನಡುವೆ ಜಾಗ ಬಿಡದ ಚೀನೀ ಮತ್ತು ಜಪಾನೀ ಭಾಷೆಗಳಲ್ಲಿಯೂ, ಕನ್ನಡದಂತೆ ಪ್ರತ್ಯಯ ಅಂಟುವ ಕೊರಿಯನ್ ಭಾಷೆಯಲ್ಲಿಯೂ ಇದೇ ತೊಂದರೆ ಕಂಡುಬಂದಿದೆ. ಉದ್ಧರಣ ಚಿಹ್ನೆಗಳನ್ನು ನಕ್ಷತ್ರಗಳ ಹೊರಗೆ ಇಡುವುದು ಸುಲಭದ ದಾರಿ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಪ್ರತ್ಯಯಕ್ಕೆ ಮೊದಲು ಹಿಂಓರೆಗೆರೆ ಮತ್ತು ಒಂದು ಖಾಲಿ ಜಾಗ ಇಡಬೇಕು. ಪುಟದಲ್ಲಿ ಎರಡೂ ಮಾಯವಾಗುತ್ತವೆ. ಆಸ್ಕಿಡಾಕ್‌ನಲ್ಲಿ ಪದದ ಭಾಗವನ್ನು ಮಾತ್ರ ಗುರುತಿಸಲು ಚಿಹ್ನೆಯನ್ನು ಇಮ್ಮಡಿಯಾಗಿ ಬರೆಯುವ ವ್ಯವಸ್ಥೆ ಇದ್ದು, ಕನ್ನಡಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ.

ಕನ್ನಡ ಅಂಕಿಗಳನ್ನು ಬಳಸುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕಾಮನ್‌ಮಾರ್ಕ್‌ನ ಸಂಖ್ಯಾಪಟ್ಟಿಗೆ 0ಯಿಂದ 9ರವರೆಗಿನ ಅಂಕಿಗಳೇ ಬೇಕು. ‘೧.’ ‘೨.’ ಎಂದು ಆರಂಭವಾಗುವ ಸಾಲುಗಳು ಪಟ್ಟಿಯಾಗದೆ ಒಂದೇ ಪರಿಚ್ಛೇದವಾಗಿ ಕೂಡಿಕೊಳ್ಳುತ್ತವೆ. ಮೂಲದಲ್ಲಿ ಸಾಮಾನ್ಯ ಅಂಕಿಗಳನ್ನು ಬರೆದು, ಪುಟದ ಶೈಲಿಹಾಳೆಯಲ್ಲಿ ಪಟ್ಟಿಯ ಅಂಕಿಗಳನ್ನು ಕನ್ನಡವೆಂದು ನಿಗದಿಪಡಿಸಿದರೆ ಬ್ರೌಸರ್ ಅವನ್ನು ಕನ್ನಡದಲ್ಲಿ ತೋರಿಸುತ್ತದೆ.

ಶೀರ್ಷಿಕೆಗಳ ಕೊಂಡಿಗಳು ಮುನ್ನೋಟದಲ್ಲಿ ಕಣ್ಣಿಗೆ ಬೀಳದ, ಆದರೆ ಕಾಲಾಂತರದಲ್ಲಿ ಹಾನಿ ಮಾಡುವ ದೋಷಕ್ಕೆ ಉದಾಹರಣೆ. ಪ್ರತಿ ಶೀರ್ಷಿಕೆಯಿಂದ ಪರಿವರ್ತಕವು ಒಂದು ಗುರುತನ್ನು ರಚಿಸುತ್ತದೆ. ಪುಟದ ಆ ಭಾಗಕ್ಕೆ ಕೊಂಡಿ ಕೊಡಲು ಅದು ಬೇಕು. ಎಂಕೆಡಾಕ್ಸ್ ಬಳಸುವ ಪೈಥಾನ್-ಮಾರ್ಕ್‌ಡೌನ್ ಪೂರ್ವನಿಯೋಜಿತವಾಗಿ ರೋಮನ್ ಲಿಪಿಯಲ್ಲದ ಅಕ್ಷರಗಳನ್ನೆಲ್ಲ ಅಳಿಸುತ್ತದೆ. ಕನ್ನಡ ಶೀರ್ಷಿಕೆಯಲ್ಲಿ ಏನೂ ಉಳಿಯದ ಕಾರಣ ‘_1’, ‘_2’ ಎಂಬ ಕ್ರಮಸಂಖ್ಯೆಗಳೇ ಗುರುತುಗಳಾಗುತ್ತವೆ. ಕೊಂಡಿಗಳು ಅಂದಿಗೆ ಸರಿಯಾಗಿಯೇ ಕೆಲಸ ಮಾಡುತ್ತವೆ. ಮುಂದೊಂದು ದಿನ ನಡುವೆ ಹೊಸ ಶೀರ್ಷಿಕೆ ಸೇರಿಸಿದರೆ ಸಂಖ್ಯೆಗಳೆಲ್ಲ ಒಂದೊಂದು ಮುಂದೆ ಸರಿದು, ಹಿಂದೆ ಇತರರು ಕೊಟ್ಟಿದ್ದ ಕೊಂಡಿಗಳು ಬೇರೆ ವಿಭಾಗಗಳಿಗೆ ಒಯ್ಯುತ್ತವೆ. ಯೂನಿಕೋಡ್ ಉಳಿಸಿಕೊಳ್ಳುವ ಆಯ್ಕೆ ಇದೆಯಾದರೂ ಅದೂ ಕನ್ನಡದ ಮಟ್ಟಿಗೆ ಅರೆಬರೆ. ಪೈಥಾನ್‌ನ ಪದಾಕ್ಷರ ಪರೀಕ್ಷೆಯು ಸ್ವರಚಿಹ್ನೆಗಳನ್ನೂ ವಿರಾಮ ಚಿಹ್ನೆಯನ್ನೂ ಅಕ್ಷರವೆಂದು ಎಣಿಸದ ಕಾರಣ ‘ಕನ್ನಡ’ ಎಂಬುದು ‘ಕನನಡ’ ಆಗುತ್ತದೆ. ದೀರ್ಘಕಾಲ ಬಾಳಬೇಕಾದ ದಸ್ತಾವೇಜಿನಲ್ಲಿ ಪ್ರತಿ ಶೀರ್ಷಿಕೆಗೂ ಗುರುತನ್ನು ಕೈಯಾರೆ ಬರೆದಿಡುವುದು ಸುರಕ್ಷಿತ.

ಸ್ವಂತವಾಗಿ ಮುನ್ನೋಟ ಪುಟವನ್ನು ರಚಿಸಿಕೊಳ್ಳುವವರು ಪುಟದ ತಲೆಭಾಗದಲ್ಲಿ ಯುಟಿಎಫ್-8 ಎಂಬ ಘೋಷಣೆಯನ್ನು ಸೇರಿಸಲು ಮರೆತರೆ ಬ್ರೌಸರ್ ಬೇರೆ ಸಂಕೇತಕ್ರಮವನ್ನು ಊಹಿಸಬಹುದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಊಹೆ ತಪ್ಪಿದಾಗ ಒಂದೊಂದು ಸಂಕೇತವೂ ಮೂರು ಅಸಂಬದ್ಧ ಚಿಹ್ನೆಗಳಾಗಿ ಒಡೆದು ಕಾಣುತ್ತದೆ. ಮೂಲ ಕಡತ ಇದರಿಂದ ಕೆಟ್ಟಿರುವುದಿಲ್ಲ. ಹಾಗೆ ಕಂಡ ಪುಟದಿಂದ ಪಠ್ಯವನ್ನು ನಕಲಿಸಿ ಮತ್ತೆ ಮೂಲಕ್ಕೆ ಅಂಟಿಸಿದಾಗ ಮಾತ್ರ ನಷ್ಟ ನಿಜವಾಗುತ್ತದೆ.

ಪಿಡಿಎಫ್ ತಯಾರಿಸುವಾಗಲೂ ಬ್ರೌಸರ್ ದಾರಿಯೇ ಕನ್ನಡಕ್ಕೆ ಹಲವು ಬಾರಿ ಹತ್ತಿರದ್ದು. ಪ್ಯಾಂಡಾಕ್ ಪೂರ್ವನಿಯೋಜಿತವಾಗಿ ಬಳಸುವ ಪಿಡಿಎಫ್‌ಲೇಟೆಕ್ ಕನ್ನಡ ಲಿಪಿಯನ್ನು ಹಾಗೆಯೇ ನಿಭಾಯಿಸಲಾರದು. ಜೀಲೇಟೆಕ್ ಅಥವಾ ಲುವಾಲೇಟೆಕ್ ಆರಿಸಿ, ಕನ್ನಡ ಫಾಂಟ್‌ನ ಹೆಸರನ್ನೂ ಕೊಡಬೇಕು. ಮುನ್ನೋಟದ ಪುಟವನ್ನೇ ಬ್ರೌಸರಿನಿಂದ ಪಿಡಿಎಫ್ ಆಗಿ ಮುದ್ರಿಸಿದರೆ ಅಕ್ಷರಜೋಡಣೆ ಪರದೆಯ ಮೇಲೆ ಕಂಡಂತೆಯೇ ಬರುತ್ತದೆ. ಪುಟಸಂಖ್ಯೆ, ಅಡಿಟಿಪ್ಪಣಿಗಳ ಸ್ಥಾನ ಇವುಗಳ ಮೇಲಿನ ಹಿಡಿತ ಮಾತ್ರ ಲೇಟೆಕ್‌ನಷ್ಟು ಸಿಗುವುದಿಲ್ಲ.